ಸರಿ, ಬಾಜೂಕ ಸರಿ

ಮಕ್ಕಳನ್ನು ಕರೆದುಕೊಂಡು ಜರ್ಮನಿಯ ಫ್ರೈಬುರ್ಗ್‌ಗೆ ಬಂದರೆ, ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳಿಗೆ ಓಡುವ ಮೊದಲು ಒಂದು ಮಧ್ಯಾಹ್ನವನ್ನು ನಮ್ಮ ಬಡಾವಣೆಗೆ ಎತ್ತಿಡಿ. ರೈಲು ಇಳಿದು ಹಳಿಗಳ ಮೇಲಿನ ಸೇತುವೆಗೆ ಹತ್ತಿದರೆ 3ನೇ ನಂಬರಿನ ಟ್ರಾಮ್ ಸಿಗುತ್ತದೆ. ಪಕ್ಕದಲ್ಲೇ ಕಾಣುವ ನೀಲಿ ಕಬ್ಬಿಣದ ಸೇತುವೆಯ ಮೇಲೆ ಕಾರುಗಳಿಗೆ ಪ್ರವೇಶವಿಲ್ಲ. ಸಾವಿರಾರು ಸೈಕಲ್ಲುಗಳು ದಿನಾ ಅದರ ಮೇಲೆ ಹರಿಯುತ್ತವೆ. ಟ್ರಾಮ್ ಹಳೆ ಪೇಟೆಯನ್ನು ದಾಟಿ ಹೋಗುತ್ತದೆ. ಅಲ್ಲಿ ರಸ್ತೆಯ ಅಂಚಿನಲ್ಲಿ ಹರಿಯುವ ಪುಟ್ಟ ಕಾಲುವೆಗಳಲ್ಲಿ ಮಕ್ಕಳು ದಾರಕ್ಕೆ ಕಟ್ಟಿದ ಮರದ ದೋಣಿ ಎಳೆಯುತ್ತಿರುತ್ತಾರೆ. ನಿಮ್ಮ ಮಕ್ಕಳೂ ಕೇಳುತ್ತಾರೆ, ಇಳಿದು ಒಂದು ಕೊಡಿಸಿಬಿಡಿ.

ನೀವು ಇಳಿಯಬೇಕಾದ ಜಾಗದ ಹೆಸರು ವೋಬಾನ್. 1992ರವರೆಗೆ ಇಲ್ಲಿ ಫ್ರೆಂಚ್ ಸೇನೆಯ ಬ್ಯಾರಕ್‌ಗಳಿದ್ದವು. ಸೈನಿಕರು ಹೋದ ಮೇಲೆ ನಗರಸಭೆ, ಇಲ್ಲಿ ಮನೆ ಮಾಡಲು ಬಂದವರು ಎಲ್ಲ ಸೇರಿ ಹೊಸ ಬಡಾವಣೆ ಕಟ್ಟಿದರು. ಈಗ ಐದು ಸಾವಿರಕ್ಕೂ ಹೆಚ್ಚು ಜನರಿದ್ದೇವೆ. ಟ್ರಾಮ್ ಬಂದದ್ದು 2006ರಲ್ಲಿ, ಅದರ ಹಳಿಗಳ ನಡುವೆ ಹುಲ್ಲು ಬೆಳೆಸಿದ್ದಾರೆ.

ಇಲ್ಲಿ ಕಾರಿಗೆ ನಿಷೇಧವಿದೆ ಎಂದು ಕೆಲವರು ಬರೆಯುತ್ತಾರೆ, ಅದು ನಿಜವಲ್ಲ. ಒಳಬೀದಿಗಳು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿ ಹೊರಟಲ್ಲಿಗೇ ಮರಳುತ್ತವೆ. ಎಲ್ಲಿಗೋ ಹೋಗುವವನು ಇವುಗಳೊಳಗೆ ನುಗ್ಗಿ ಪ್ರಯೋಜನವಿಲ್ಲ. ಸಾಮಾನು ಇಳಿಸಲು ಮನೆ ಬಾಗಿಲವರೆಗೆ ಕಾರು ತರಬಹುದು, ನಿಲ್ಲಿಸಿಡುವಂತಿಲ್ಲ. ಕಾರು ಬೇಕೆಂದವರು ಬಡಾವಣೆಯ ಅಂಚಿನ ಗ್ಯಾರೇಜಿನಲ್ಲಿ ಜಾಗವನ್ನು ದುಬಾರಿ ಬೆಲೆಗೆ ಕೊಳ್ಳಬೇಕು, ಬೇಡದವರು ಕಾರಿಲ್ಲವೆಂದು ಬರೆದುಕೊಡಬೇಕು. (ಬರೆದುಕೊಟ್ಟು ಪಕ್ಕದ ಬಡಾವಣೆಯಲ್ಲಿ ಕಾರು ನಿಲ್ಲಿಸುವವರೂ ಇದ್ದಾರೆಂಬ ಗುಸುಗುಸು ಇದೆ. ಜರ್ಮನ್ನರೂ ಮನುಷ್ಯರೇ.) ನಾನು ಪ್ರಯೋಗಾಲಯದಲ್ಲಿ ಜೀವಕೋಶ ನೋಡುವವಳು, ರಸ್ತೆ ತಜ್ಞೆಯಲ್ಲ. ಆದರೂ ಜನರಿಗೆ ಬುದ್ಧಿ ಹೇಳುವ ಬದಲು ದಾರಿಯ ಆಕಾರವನ್ನೇ ಬದಲಿಸಿದ ಈ ಉಪಾಯ ನನಗೆ ಬಹಳ ಹಿಡಿಸಿತು.

ಬೀದಿಯ ಬಾಯಲ್ಲಿ ಒಂದು ನೀಲಿ ಫಲಕ ಕಾಣುತ್ತದೆ. ಅದರಲ್ಲಿ ಒಬ್ಬ ದೊಡ್ಡವರು, ಚೆಂಡಾಡುವ ಮಗು, ಒಂದು ಮನೆ, ಒಂದು ಕಾರು. ಇಂಥ ಬೀದಿಯ ಕಲ್ಪನೆ ಮೊದಲು ಹುಟ್ಟಿದ್ದು ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಂಥ ಊರುಗಳಲ್ಲಿ. ಜರ್ಮನಿಯ ಕಾನೂನಿಗೆ ಈ ಫಲಕ ಬಂದದ್ದು 1980ರಲ್ಲಿ. ಇದಿರುವ ಕಡೆ ಮಕ್ಕಳು ಬೀದಿಯ ಅಗಲಕ್ಕೂ ಆಡಬಹುದು, ವಾಹನ ಮನುಷ್ಯನ ನಡಿಗೆಯ ವೇಗ ಮೀರಬಾರದು.

ನನ್ನ ಮಗ ಬೆಳೆದದ್ದು ಈ ಫಲಕದ ಕೆಳಗೆ. ಅವನಿಗೆ ಐದು ವರ್ಷವಿದ್ದಾಗ ಧಾರವಾಡಕ್ಕೆ ಹೋದೆವು. ಸುಭಾಸ ರಸ್ತೆಯಲ್ಲಿ ಆಯಿಯ ಕೈ ಬಿಡಿಸಿಕೊಂಡು, ಕೆಳಗೆ ಬಿದ್ದ ಬಲೂನಿನ ಹಿಂದೆ ನಡುರಸ್ತೆಗೆ ಹೋದ. ಓಡಲೂ ಇಲ್ಲ, ಆರಾಮಾಗಿ ನಡೆದೇ ಹೋದ. ಆಯಿ ಕೂಗಿದಳು, "ಲೇ ತಮ್ಮಾ, ಸರಿ! ಸರಿ! ಬಾಜೂಕ ಸರಿ!"

ಅವನು ತಿರುಗಿ ನಿಂತು ನಕ್ಕ. "ಸರಿ, ಆಯಿ" ಅಂದ.

ನನ್ನ ಗಂಡನ ಊರು ಮೈಸೂರು. ನಮ್ಮ ಮನೆಯಲ್ಲಿ ದಿನಕ್ಕೆ ಐವತ್ತು ಸಲ ಕೇಳುವ 'ಸರಿ' ಅಂದರೆ ಒಪ್ಪಿಗೆ. ಆಯಿಯ ಬಾಯಲ್ಲಿ ಒಪ್ಪಿಗೆಗೆ 'ಆತು' ಎಂಬ ಮಾತಿದೆ, 'ಸರಿ' ಎಂದರೆ ಜರುಗು. ಆಟೋದ ಕನ್ನಡಿ ಹುಡುಗನ ಅಂಗಿಯ ತೋಳನ್ನು ಸವರಿಕೊಂಡು ಹೋಯಿತು. "ಕೂಸಿನ್ನ ಹಿಡಕೊಂಡು ಅಡ್ಡಾಡ್ರಿ!" ಎಂದು ಬೈದ ಚಾಲಕನ ಕೈಯೂ ನಡುಗುತ್ತಿತ್ತು. ಆ ರಾತ್ರಿ ಆಯಿ ಊಟ ಮಾಡಲಿಲ್ಲ.

ನಾವು ಎಡವಿದ್ದು ಎಲ್ಲಿ ಎಂದು ವಿಮಾನದಲ್ಲಿ ಯೋಚಿಸುತ್ತ ಬಂದೆ. ನಮ್ಮ ಕನ್ನಡ ಊಟ, ನಿದ್ದೆ, ಕತೆಗಳ ಕನ್ನಡ. ಮನೆಯ ಹೊಸ್ತಿಲು ದಾಟಿದ ಕೂಡಲೇ ನಾನೇ ಅವನಿಗೆ "ಹಾಲ್ಟ್!" ಎಂದು ಜರ್ಮನ್‌ನಲ್ಲಿ ಕೂಗುತ್ತಿದ್ದೆ. ಶಿಶುವಿಹಾರದಲ್ಲಿ ಕಲಿಸಿದ್ದು ಅದೇ, ಅದಕ್ಕೆ ಅವನ ಕಾಲು ತಾನಾಗಿ ನಿಲ್ಲುತ್ತಿತ್ತು. ಬೀದಿಯ ಕನ್ನಡವನ್ನು ನಾವು ಕೊಟ್ಟೇ ಇರಲಿಲ್ಲ. ಈಗ ಶಾಲೆಗೆ ನಡೆಯುವಾಗ ಆಟದಂತೆ ಹೇಳಿಕೊಳ್ಳುತ್ತೇವೆ: ನಿಲ್ಲು, ಹಿಂದಕ್ಕೆ ಬಾ, ಕೈ ಹಿಡಕೋ, ಬಾಜೂಕ ಸರಿ. ಊರಿಗೆ ಹೊರಡುವ ಮೊದಲು ನಿಮ್ಮ ಮಕ್ಕಳನ್ನೂ ಒಮ್ಮೆ ಪರೀಕ್ಷಿಸಿ ನೋಡಿ. ಅಜ್ಜ ಅಜ್ಜಿಯರು ಗಾಬರಿಯಲ್ಲಿ ಬಳಸುವ ಮಾತು ನಿಮ್ಮ ಮಾತೇ ಆಗಿರಬೇಕೆಂದಿಲ್ಲ.

ಇದನ್ನು ಓದಿ ಊರನ್ನು ಬೈಯಬೇಡಿ. ನಾನು ಚಿಕ್ಕವಳಿದ್ದಾಗ ಮಾಳಮಡ್ಡಿಯ ಓಣಿಯಲ್ಲಿ ಕತ್ತಲಾಗುವವರೆಗೂ ಲಗೋರಿ ಆಡಿದ್ದೇವೆ. ಸ್ಕೂಟರ್ ಬಂದರೆ ಒಬ್ಬರು "ಗಾಡೀ!" ಎಂದು ಕೂಗಿದರೆ ಸಾಕಿತ್ತು, ಯಾರೂ ಫಲಕ ನೆಟ್ಟಿರಲಿಲ್ಲ. ಇತ್ತ ಇದೇ ಫ್ರೈಬುರ್ಗ್‌ನ ದೊಡ್ಡ ಚರ್ಚಿನ ಅಂಗಳದಲ್ಲಿ ಒಂದು ಕಾಲಕ್ಕೆ ಕಾರು ನಿಲ್ಲಿಸುತ್ತಿದ್ದರು. ಹಳೆ ಪೇಟೆಯನ್ನು ನಡೆಯುವವರಿಗೆ ಬಿಟ್ಟುಕೊಟ್ಟದ್ದು 1970ರ ದಶಕದಲ್ಲಿ.

ಈ ಬೇಸಿಗೆಯಲ್ಲಿ ಆಯಿ ಇಲ್ಲಿಗೆ ಬಂದಿದ್ದಳು. ಮೊದಲ ವಾರ ಕಾರಿಗಿಂತ ಸೈಕಲ್ಲಿಗೇ ಹೆಚ್ಚು ಹೆದರಿದಳು. ಸದ್ದಿಲ್ಲದೆ ಹಿಂದಿನಿಂದ ಬರುತ್ತವಲ್ಲ, ಅವಳ ಹೆದರಿಕೆ ತಪ್ಪೆನ್ನಲಾರೆ. ಎಂಟು ವರ್ಷದೊಳಗಿನ ಮಕ್ಕಳು ಇಲ್ಲಿ ಸೈಕಲ್ಲನ್ನು ಸಾಮಾನ್ಯವಾಗಿ ಫುಟ್‌ಪಾತ್ ಮೇಲೆ ಓಡಿಸಬೇಕೆಂಬ ನಿಯಮವಿದೆ, ಜೊತೆಗೆ ಅಪ್ಪನೋ ಅಮ್ಮನೋ ಸೈಕಲ್ ಮೇಲೆ ಹೋಗಬಹುದು. "ಹಂಗಾರ ನನ್ನಂಥಾಕಿ ಎಲ್ಲಿ ಅಡ್ಡಾಡಬೇಕು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಎರಡನೇ ವಾರ ಅವಳೇ ಬೀದಿಗಿಳಿದು ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆ ಬರೆದಳು. ಮೊಮ್ಮಗ, ಪಕ್ಕದ ಮನೆಯ ಹುಡುಗಿ, ಅವಳ ತಮ್ಮ ಸಾಲಾಗಿ ಕುಂಟಿದರು. ತಿರುವಿನಲ್ಲಿ ಒಂದು ಕಾರು ಕಂಡಿತು. ಆಯಿ ಬೆಂಚಿನಿಂದ ಎದ್ದು ನಿಂತು ಕೂಗಿದಳು, "ಸರಿ! ಬಾಜೂಕ ಸರಿ!" ಮೊಮ್ಮಗ ಒಂದೇ ನೆಗೆತಕ್ಕೆ ಅಂಚಿಗೆ ಬಂದ. ಅವನನ್ನು ನೋಡಿ ಆ ಇಬ್ಬರೂ ಸರಿದರು.

ಕಾರು ಆಗಲೇ ನಿಂತಿತ್ತು. ಬಿಲ್ಲೆ ಇನ್ನೂ ಐದನೇ ಮನೆಯಲ್ಲೇ ಬಿದ್ದಿದೆ, ಅದನ್ನು ತೆಗೆದುಕೊಳ್ಳಲಿ ಎಂದು ಒಳಗಿದ್ದ ಹೆಂಗಸು ಕೈಸನ್ನೆ ಮಾಡಿ ಕಾಯುತ್ತಿದ್ದಳು. ಆಯಿಗೆ ನಂಬಿಕೆ ಬರಲಿಲ್ಲ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಅಂಗಳಕ್ಕೆ ಬಂದವರನ್ನು ಕಳಿಸಿಕೊಡುವ ಹಾಗೆ ಕೈ ಬೀಸಿ, "ಹೋಗವಾ, ನೀ ಹೋಗು" ಅಂದಳು.