ಪುಕ್ಕಟೆ ಪಾಠದ ಬೆಲೆ

ಪುಕ್ಕಟೆ ಎಂಬ ಮಾತು ಕೇಳಿದರೆ ನಮ್ಮ ಹೆಣ್ಣುಮಕ್ಕಳಿಗೆ ಆಸೆಯೂ ಆಗುತ್ತದೆ, ಅನುಮಾನವೂ ಬರುತ್ತದೆ. ಹೊಸಪೇಟೆಯ ಮಾರುಕಟ್ಟೆಯಲ್ಲಿ ಕಾಯಿಪಲ್ಯ ಕೊಂಡ ಮೇಲೆ ನಾಲ್ಕೆಸಳು ಕರಿಬೇವನ್ನು ಕೇಳಿ ಪಡೆಯುವ ನಾವೇ, ಅಂಗಡಿಯವನು ಸೀರೆಯ ಜೊತೆ ರವಿಕೆ ಬಟ್ಟೆ ಪುಕ್ಕಟೆ ಎಂದರೆ ಸೀರೆಯ ಅಂಚನ್ನು ಎರಡು ಸಲ ತಿರುವಿ ನೋಡುತ್ತೇವೆ. ಹೀಗಿರುವಾಗ ಮಕ್ಕಳ ಪಾಠವೂ ಪುಕ್ಕಟೆ, ಅದೂ ಫೋನಿನಲ್ಲಿ ಎಂದರೆ ತಾಯಂದಿರು ಹುಬ್ಬು ಗಂಟಿಕ್ಕುವುದು ಸಹಜವೇ.

ಹೊಸಪೇಟೆಯ ಪ್ರೌಢಶಾಲೆಯೊಂದರಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿದವಳು ನಾನು. ಈ ಪುಕ್ಕಟೆ ಪಾಠಗಳಲ್ಲಿ ಮೋಸವಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. 2017ರ ಶಿಕ್ಷಕರ ದಿನದಂದು ಕೇಂದ್ರ ಸರ್ಕಾರ ‘ದೀಕ್ಷಾ’ ಆರಂಭಿಸಿತು. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕಪ್ಪು ಚೌಕದ ಗುರುತಿಗೆ, ಕ್ಯೂಆರ್ ಕೋಡ್ ಎನ್ನುತ್ತಾರಲ್ಲ ಅದಕ್ಕೆ, ಫೋನು ಹಿಡಿದರೆ ಆ ಪಾಠದ ವಿಡಿಯೋ, ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಇಡೀ ಪುಸ್ತಕವನ್ನೇ ಇಳಿಸಿಕೊಳ್ಳಬಹುದು. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ತಾಣದಲ್ಲಿ ಶಿಕ್ಷಕರೇ ಕೂಡಿ ಬರೆದಿಟ್ಟ ಸಾಮಗ್ರಿ ಇದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ‘ಫೆಟ್’ ಪ್ರಯೋಗಗಳು ಕನ್ನಡದಲ್ಲೂ ಸಿಗುತ್ತವೆ. ಪರದೆಯ ಮೇಲಿನ ಮಸೂರವನ್ನು ಬೆರಳಿನಿಂದ ಜರುಗಿಸಿದರೆ ಬಿಂಬ ದೊಡ್ಡದಾಗುವುದು, ತಲೆಕೆಳಗಾಗುವುದು ಕಣ್ಣೆದುರೇ ಕಾಣುತ್ತದೆ. ಒಂದೇ ಒಂದು ಮಸೂರವನ್ನು ಇಡೀ ತರಗತಿಗೆ ಕೈಯಿಂದ ಕೈಗೆ ದಾಟಿಸುತ್ತ ಪಾಠ ಮಾಡಿದ ನನ್ನಂಥವಳಿಗೆ ಇದು ಹಬ್ಬವೇ ಸರಿ.

ಆದರೆ ಪುಕ್ಕಟೆ ಪಾಠಕ್ಕೂ ಒಂದು ಬೆಲೆಯಿದೆ ಎಂಬುದು 2020ರಲ್ಲಿ ಕಂಡಿತು. ಮಾರ್ಚ್ ತಿಂಗಳಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಹಾಸ್ಟೆಲಿನ ಹುಡುಗಿಯರು ಗಂಟುಮೂಟೆ ಕಟ್ಟಿಕೊಂಡು ತಮ್ಮ ತಮ್ಮ ಊರಿಗೆ ಹೋದರು. ಜುಲೈಯಲ್ಲಿ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾದಾಗ ಯಾವ ಮಗುವಿನ ಮನೆಯಲ್ಲಿ ಫೋನಿದೆ, ಯಾರಲ್ಲಿ ಇಲ್ಲ ಎಂದು ಪಟ್ಟಿ ಮಾಡಿದೆವು. ‘ಇದೆ’ ಎಂದು ಬರೆದುಕೊಂಡ ಮನೆಗಳಲ್ಲೂ ಫೋನು ಹುಡುಗಿಯ ಕೈಗೆ ಬರುತ್ತಿರಲಿಲ್ಲ. ಸಂಡೂರಿನ ಒಬ್ಬಳ ಅಪ್ಪ ಅದಿರಿನ ಲಾರಿ ಚಾಲಕರು. ಫೋನು ಲಾರಿಯ ಜೊತೆ ಊರೂರು ತಿರುಗುತ್ತಿತ್ತು. ಕಂಪ್ಲಿ ಕಡೆಯ ಇನ್ನೊಬ್ಬಳ ಮನೆಯಲ್ಲಿ ಅದು ಅಣ್ಣನ ಕಿಸೆಯಲ್ಲಿರುತ್ತಿತ್ತು.

ಆ ಅಣ್ಣನ ಫೋನಿಗೇ ಕರೆ ಮಾಡಿ, ತಾಯಿಗೆ ಕೊಡು ಎಂದೆ. ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು: “ಟೀಚರಮ್ಮಾ, ಹೆಣ್ಣುಹುಡುಗಿ ಕೈಯಾಗ ಫೋನ್ ಕೊಟ್ರ ಓಣ್ಯಾಗ ಏನಂತಾರ್ರೀ? ನಾ ಹೊತ್ತು ಮೂಡೋದ್ರಾಗ ಭತ್ತದ ನಾಟಿಗೆ ಹೋಗ್ತೀನಿ. ಮನ್ಯಾಗ ನೋಡೋರು ಯಾರು?” ಜೊತೆಗೆ ಬಂಧುಗಳ ಕಡೆಯಿಂದ ಮದುವೆಯ ಮಾತೂ ಎದ್ದಿತ್ತು. ಶಾಲೆಯಿಲ್ಲ, ಹುಡುಗಿ ಸುಮ್ಮನೆ ಮನೆಯಲ್ಲಿದ್ದಾಳೆ ಎಂಬುದೇ ಅದಕ್ಕೆ ಕಾರಣ.

ಹದಿನೆಂಟು ತುಂಬುವ ಮೊದಲು ಮದುವೆ ಕಾನೂನಿಗೆ ವಿರುದ್ಧ ಎಂದು ಮೊದಲು ಹೇಳಿದೆ. ಆದರೆ ಆಕೆಯ ಭಯವನ್ನು ತಳ್ಳಿಹಾಕುವಂತಿರಲಿಲ್ಲ. ಫೋನಿನಲ್ಲಿ ಪಾಠ ಇರುವ ಹಾಗೆಯೇ ಬೇಡದ್ದೂ ಇದೆಯಲ್ಲ. “ಫೋನ್ ನಿಮ್ಮ ಕೈಯಾಗೇ ಇರಲಿ, ರಾತ್ರಿ ಊಟ ಆದಮ್ಯಾಗ ಅರ್ಧ ತಾಸು ಮಗಳ ಪಕ್ಕ ಕೂತ್ಕೊಳ್ರಿ” ಎಂದೆ. “ನಂಗೇನ್ ತಿಳಿತೈತ್ರೀ?” ಎಂದಳು. “ಪಾಠ ಆದಮೇಲೆ, ಏನು ಹೇಳಿದ್ರು ಅಂತ ಅವಳನ್ನೇ ಕೇಳ್ರಿ, ಸಾಕು” ಎಂದೆ. ದಿನದ ಡೇಟಾದಲ್ಲಿ ಅಣ್ಣ ಉಳಿಸಿದಷ್ಟರಲ್ಲೇ ಪಾಠವನ್ನು ಇಳಿಸಿಟ್ಟುಕೊಂಡು, ಆಮೇಲೆ ಇಂಟರ್ನೆಟ್ ಇಲ್ಲದೆಯೂ ನೋಡುವುದನ್ನು ಹುಡುಗಿಗೆ ಹೇಳಿಕೊಟ್ಟೆ.

ಹದಿನೈದು ದಿನ ಕಳೆದಿರಬೇಕು, ಆ ತಾಯಿಯೇ ಕರೆ ಮಾಡಿದಳು. “ಟೀಚರಮ್ಮಾ, ಗಾಡಿ ಕನ್ನಡ್ಯಾಗ ಹಿಂದಿನ ಲಾರಿ ಯಾಕ ಸಣ್ಣದು ಕಾಣ್ತೈತಿ ಅಂತ ನಂಗೂ ತಿಳೀತ್ರೀ!” ಪೀನ ದರ್ಪಣದ ಪಾಠವನ್ನು ಮಗಳು ಅವ್ವನಿಗೆ ಒಪ್ಪಿಸಿದ್ದಳು. ಆ ಅರ್ಧ ತಾಸು ಮುಸುರೆ ಪಾತ್ರೆಗಳು ಕಾಯುತ್ತಿದ್ದವು. ಕೆಲವು ದಿನ ಅಣ್ಣನೇ ನೀರು ತುಂಬಿಸಿಟ್ಟನಂತೆ. ಮದುವೆಯ ಮಾತು ಅಲ್ಲಿಗೇ ತಣ್ಣಗಾಯಿತು.

ಸಂಡೂರಿನವಳಿಗೆ ಈ ಅನುಕೂಲ ಸಿಗಲಿಲ್ಲ. 2021ರ ಜನವರಿಯಲ್ಲಿ ಹತ್ತನೆಯ ತರಗತಿ ತೆರೆದಾಗ ಅವಳ ಜಾಗ ಖಾಲಿಯಿತ್ತು. ಮನೆಯವರಿಗೆ ಹೇಳಿ ಕಳಿಸಿದೆವು, ಅವಳು ಬರಲಿಲ್ಲ. ಪಾಠಗಳು ಇಬ್ಬರಿಗೂ ಒಂದೇ, ಇಬ್ಬರಿಗೂ ಪುಕ್ಕಟೆಯೇ ಇದ್ದವು.

ಬಂದವರಲ್ಲಿ ಕೆಲವರನ್ನು ಒಂದು ಬೆಳಿಗ್ಗೆ ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಗೋಡೆಯ ಸಣ್ಣ ಕಿಂಡಿಯಿಂದ ಬಂದ ಬೆಳಕಿನಲ್ಲಿ ಎದುರಿನ ಗೋಡೆಯ ಮೇಲೆ ಗೋಪುರ ತಲೆಕೆಳಗಾಗಿ ಮೂಡುತ್ತದೆ. ಜನ ಅದನ್ನು ಪವಾಡವೆಂದು ನೋಡಿ ಕೈಮುಗಿಯುತ್ತಾರೆ. ಕಂಪ್ಲಿಯ ಹುಡುಗಿಯೂ ಕೈಮುಗಿದಳು. ಆಮೇಲೆ ಗೆಳತಿಯರ ಕಡೆ ತಿರುಗಿ, ಬೆಳಕು ನೇರವಾಗಿ ಹೋಗುವುದರಿಂದ ತುದಿಯ ಕಿರಣ ಕಿಂಡಿ ದಾಟಿ ಕೆಳಕ್ಕೆ ಬೀಳುತ್ತದೆ, ಬುಡದ್ದು ಮೇಲಕ್ಕೆ ಹೋಗುತ್ತದೆ ಎಂದು ಗಾಳಿಯಲ್ಲೇ ಗೆರೆ ಎಳೆದು ತೋರಿಸಿದಳು. ಫೋನಿನಲ್ಲಿ ಬೆರಳು ಆಡಿಸಿ ಕಲಿತದ್ದು ಕಲ್ಲಿನ ಗೋಡೆಯ ಮೇಲೆ ನಿಜವಾಯಿತಲ್ಲ ಎಂದು ನನಗೆ ಸಂತೋಷವಾಯಿತು. ಪರದೆಯ ಪಾಠ ಸುತ್ತಲಿನ ಲೋಕವನ್ನು ಹೀಗೆ ಕಾಣಿಸಿದಾಗಲೇ ಸಾರ್ಥಕ.

ಪಟ್ಟಣದ ನಮ್ಮ ಮನೆಗಳಲ್ಲಿ ಈಗ ಫೋನಿಗೆ ಬರವಿಲ್ಲ. ಪಾಠಗಳಿಗೂ ಬರವಿಲ್ಲ. ಹೆಣ್ಣುಮಕ್ಕಳಿಗೆ ಸಿಗದೆ ಹೋಗುವುದು ಕೆಲಸದಿಂದ ಬಿಡುವು, ಮತ್ತು ಪಕ್ಕದಲ್ಲಿ ಕೂತು ‘ಏನು ಕಲಿತೆಯವ್ವಾ’ ಎಂದು ಕೇಳುವ ಒಬ್ಬರು. ಅವೆರಡನ್ನು ಮನೆಯವರೇ ಕೊಡಬೇಕು. ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯಲ್ಲಿ ಫೋನು ಯಾರ ಕೈಯಲ್ಲಿದೆ, ಮುಸುರೆ ಯಾರ ಕೈಯಲ್ಲಿದೆ, ಒಮ್ಮೆ ನೋಡಿ.