ಮಂಡಿಯದಲ್ಲದ ಮಂಡಿನೋವು

ನಮ್ಮ ಕನ್ನಡ ಕೂಟಗಳಲ್ಲಿ ಡಾಕ್ಟರುಗಳಿಗೇನೂ ಬರವಿಲ್ಲ. ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತು ನೋವು ಎಂದರೆ ಸಾಕು, ಹಿಂದೊಬ್ಬರು ಮುಂದೊಬ್ಬರು ಸಲಹೆ ಕೊಡುತ್ತಾರೆ! ನಾನು ಡಾಕ್ಟರಲ್ಲ. ಆದರೂ ಬರ್ಮಿಂಗ್‌ಹ್ಯಾಂನಲ್ಲಿ ನಮ್ಮೊಡನಿರುವ ಅಮ್ಮನ ಕಾಲುನೋವಿನ ಕಥೆ, ಹಿರಿಯರಿರುವ ಮನೆಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಎಪ್ಪತ್ನಾಲ್ಕರ ಅಮ್ಮನಿಗೆ ಒಂದು ಚಳಿಗಾಲ ಎಡತೊಡೆಯ ಮುಂಭಾಗದಿಂದ ಮಂಡಿಯವರೆಗೆ ನೋವು ಶುರುವಾಯಿತು. ಮಂಡಿಯ ಎಕ್ಸ್‌ರೇ ತೆಗೆದು ಸವೆತ ಎಂದರು. ಆ ವಯಸ್ಸಿನಲ್ಲಿ ಯಾರ ಮಂಡಿ ಸವೆದಿರುವುದಿಲ್ಲ ಹೇಳಿ? ಮಾತ್ರೆ, ಮುಲಾಮು ಎಲ್ಲ ಆಯಿತು. ರಾತ್ರಿ ನಿದ್ದೆಯಿಲ್ಲ, ಮೆಟ್ಟಿಲಿಳಿಯುವಾಗ ಕಾಲು ಕುಸಿಯುತ್ತಿತ್ತು. ಊರಿಗೆ ಹೋಗಿ ಸಾಯುತ್ತೇನೆ ಎಂದು ಅಮ್ಮ ಹಟ ಹಿಡಿದರು.

ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್, ನಿಮ್ಮ ಮಾತಿನಲ್ಲೇ ಹೇಳಿ ಎಂದರು. "ಮಂಡಿ ಅಲ್ಲಮ್ಮ, ತೊಡೆ ಮೇಲೆ ಕೆಂಡ ಸುರಿದ ಹಾಗೆ. ಸೀರೆ ತಾಗಿದರೂ ಜೋಮು" ಎಂದರು ಅಮ್ಮ. ಉರಿ, ಜೋಮು ಎಂದರೆ ನರದ ದೂರು. ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರೆ ಬಲಗಾಲು ಜಿಗಿಯಿತು, ಎಡಗಾಲು ಅಲುಗಲಿಲ್ಲ. ಬೋರಲು ಮಲಗಿಸಿ ಮಂಡಿ ಮಡಿಸಿದಾಗ ಅಮ್ಮ ಚೀರಿದರು.

ಸಾಮಾನ್ಯವಾಗಿ ಡಿಸ್ಕ್ ಜಾರುವುದು ಸೊಂಟದ ತೀರಾ ಕೆಳಗೆ. ನೋವು ಕಾಲಿನ ಹಿಂಬದಿಯಿಂದ ಪಾದಕ್ಕಿಳಿಯುತ್ತದೆ. ವಯಸ್ಸಾದವರಲ್ಲಿ ಅದಕ್ಕಿಂತ ಮೇಲಿನ ಡಿಸ್ಕುಗಳು ಜಾರುವುದು ಹೆಚ್ಚು. ಆಗ ನೋಯುವುದು ತೊಡೆಯ ಮುಂಭಾಗ. ಬೆನ್ನು ನೋಯದೆಯೂ ಇರಬಹುದು. ಅಮ್ಮನದು ಮೂರನೇ ಮತ್ತು ನಾಲ್ಕನೇ ಮೂಳೆಗಳ ನಡುವಿನದು, ಅದೂ ನರ ಹೊರಬರುವ ಕಿಂಡಿಯಾಚೆ ಪಕ್ಕಕ್ಕೆ ಚಾಚಿತ್ತು. ಸ್ಕ್ಯಾನಿನಲ್ಲಿ ನಡುಭಾಗವನ್ನಷ್ಟೇ ನೋಡಿದರೆ ತಪ್ಪಿಹೋಗುವಂಥದ್ದು. (ಆ ಎಂ.ಆರ್.ಐ.ಗಾಗಿ 2003ರ ನೊಬೆಲ್ ಹಂಚಿಕೊಂಡ ಪೀಟರ್ ಮ್ಯಾನ್ಸ್‌ಫೀಲ್ಡ್ ಇಲ್ಲೇ ನಾಟಿಂಗ್‌ಹ್ಯಾಂನವರು!)

ಆಪರೇಷನ್ ಬೇಕಾಗಲಿಲ್ಲ. ಜಾರಿದ ಡಿಸ್ಕ್ ಎಷ್ಟೋ ಜನರಲ್ಲಿ ತಿಂಗಳುಗಳಲ್ಲಿ ತಾನಾಗಿ ಕುಗ್ಗುತ್ತದಂತೆ. ಎಕ್ಸ್‌ರೇಯಲ್ಲಿ ನೋಡುತ್ತ ನರದ ಬುಡಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಆ ವಾರವೇ ಅಮ್ಮ ನಿದ್ದೆ ಮಾಡಿದರು. ತೊಡೆಗೆ ಬಲ ಬರಲು ಮಾತ್ರ ಆರು ತಿಂಗಳ ವ್ಯಾಯಾಮ ಬೇಕಾಯಿತು. ಬಲ ಇನ್ನೂ ಕುಂದಿದ್ದರೆ ಶಸ್ತ್ರಕ್ರಿಯೆಯೇ ಗತಿ ಎಂದಿದ್ದರು.

ನಿಮ್ಮ ಹಿರಿಯರಿಗೆ ಇಂಗ್ಲಿಷ್ ಬಾರದಿದ್ದರೆ ಜಿ.ಪಿ. ಬಳಿ ದುಭಾಷಿಯನ್ನು ಕೇಳಿ, ಎನ್.ಎಚ್.ಎಸ್.ನಲ್ಲಿ ಅದಕ್ಕೆ ದುಡ್ಡಿಲ್ಲ. ಇನ್ನೊಂದು: ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಎರಡೂ ಕಾಲು ಸೋತರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತಕ್ಷಣ ಎ ಅಂಡ್ ಇ. ಇದನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ, ಅಮ್ಮನೇ ಓದಿಕೊಳ್ಳುವ ಹಾಗೆ.