ಏರಿಗಿಂತ ಎತ್ತರದ ಕುರಿಮರಿ

ತರೀಕೆರೆ ಅಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ನಾಲಿಗೆ ತೊಡರುವ ಆ ಮಾತು. ಕೆರೆ ಏರಿ, ಅದರ ಮೇಲೆ ಮೂರು ಕರಿ ಕುರಿಮರಿ. ನಾವು ಕಡೂರಿನವರು. ಚಿಕ್ಕಪ್ಪನ ಮನೆ ತರೀಕೆರೆಯಲ್ಲಿ, ಅಜ್ಜಿ ಮನೆ ಅಜ್ಜಂಪುರದಲ್ಲಿ. ಆರನೇ ಕ್ಲಾಸಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಇಷ್ಟವಾದ ದೃಶ್ಯವೊಂದನ್ನು ಬರೆಯಲು ಹೇಳಿದಾಗ ನಾನು ಆ ಏರಿಯನ್ನೂ ಆ ಮರಿಗಳನ್ನೂ ಬರೆದೆ. ಮರಿಗಳು ಏರಿಗಿಂತ ಎತ್ತರವಾದವು. ಒಂದರ ಕಾಲು ಕೆರೆಯ ನೀರಿಗಿಳಿದಿತ್ತು. ಇನ್ನೊಂದು ಕತ್ತು ಚಾಚಿ ಮೋಡ ಮೇಯುತ್ತಿತ್ತು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. "ಕುರಿ ಹಿಂಗಿರುತ್ತೇನೋ? ಕಣ್ ಬಿಟ್ಟು ನೋಡು."

ಅವರದು ತಪ್ಪು ಅನ್ನಲಾರೆ. ಡ್ರಾಯಿಂಗಿನ ಲೋಯರ್ ಗ್ರೇಡ್ ಪರೀಕ್ಷೆಯಲ್ಲಿ ಹೂಜಿ ಕೇಳುತ್ತಿದ್ದರು, ಲೋಟ ಕೇಳುತ್ತಿದ್ದರು, ದಾಸವಾಳ ಕೇಳುತ್ತಿದ್ದರು. ಮೋಡ ಮೇಯುವ ಕುರಿಗೆ ಅಂಕ ಇರಲಿಲ್ಲ. ನಾನು ಪಾಸಾದೆ. ಇವತ್ತಿಗೂ ಹೂಜಿಯನ್ನು ಎಡಬಲ ಸಮನಾಗಿ ಬರೆಯಬಲ್ಲೆ. ಕುರಿ ಮಾತ್ರ ಆಮೇಲೆ ಬರೆದಿಲ್ಲ.

ಅಜ್ಜಂಪುರಕ್ಕಾಗಲಿ ತರೀಕೆರೆಗಾಗಲಿ ಕಡೂರಿನಿಂದ ರೈಲು ಹತ್ತಿದರೆ ಬೀರೂರು ದಾಟಲೇಬೇಕು. ಆಗಿನ್ನೂ ಮೀಟರ್ ಗೇಜ್. ಜಂಕ್ಷನ್ನಿನಲ್ಲಿ ಕಾಯುವ ಹೊತ್ತಿಗೆ, ಅಪ್ಪನ ಮನಸ್ಸು ಸರಿಯಿದ್ದರೆ, 'ಚಂದಮಾಮ' ಕೈಗೆ ಬರುತ್ತಿತ್ತು. ನಾಗಿರೆಡ್ಡಿ, ಚಕ್ರಪಾಣಿ ಸೇರಿ 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದ ಪತ್ರಿಕೆ ಅದು. ಕನ್ನಡಕ್ಕೆ 1949ರಲ್ಲಿ ಬಂತು. ಅದರಲ್ಲಿ ಎಂ.ಟಿ.ವಿ. ಆಚಾರ್ಯ, ಚಿತ್ರಾ, ಶಂಕರ್, ವಡ್ಡಾದಿ ಪಾಪಯ್ಯ ಚಿತ್ರ ಬರೆಯುತ್ತಿದ್ದರು ಎಂಬುದು ನನಗೆ ಗೊತ್ತಾಗಿದ್ದು ತಲೆ ನರೆತ ಮೇಲೆ. ಆಗ ಚಿತ್ರ ಯಾರೋ ಬರೆದದ್ದು ಅನ್ನಿಸುತ್ತಲೇ ಇರಲಿಲ್ಲ. ಮೂಲೆಯಲ್ಲಿನ ಸಹಿಯನ್ನು ಹುಲ್ಲೋ ಕಲ್ಲೋ ಅಂದುಕೊಂಡಿದ್ದೆ.

ಬೇತಾಳ ಕಥೆಯ ಮೊದಲ ಪುಟದ ಚಿತ್ರ ಶಂಕರ್ ಅವರದು. ಸುಡುಗಾಡು, ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ. ಪ್ರತಿ ತಿಂಗಳೂ ಅದೇ ರಾಜ ಅದೇ ದಾರಿಯಲ್ಲಿ ಹೊರಡುತ್ತಿದ್ದ, ಪ್ರತಿ ತಿಂಗಳೂ ನಾನು ಹೆದರುತ್ತಿದ್ದೆ. ಯಾಕೆಂದು ಈಗ ಹೇಳಬಲ್ಲೆ. ಆ ಹೆಣಕ್ಕೆ ಭಾರವಿತ್ತು. ಬೇತಾಳವನ್ನು ಶಂಕರ್ ನೋಡಿರಲಿಕ್ಕಿಲ್ಲ. ಆದರೆ ಹೆಗಲ ಮೇಲೆ ಮೂಟೆ ಹೊತ್ತವನು ಹೇಗೆ ನಡೆಯುತ್ತಾನೆ ಎಂಬುದನ್ನು ನೋಡಿದ್ದರು. 1924ರಲ್ಲಿ ಹುಟ್ಟಿದ ಅವರು 2020ರಲ್ಲಿ ತೀರಿಕೊಂಡಾಗ ಪತ್ರಿಕೆಗಳಲ್ಲಿ ಆ ಚಿತ್ರ ಮತ್ತೆ ಬಂತು. 'ಚಂದಮಾಮ' ಅಷ್ಟರಲ್ಲಿ ನಿಂತುಹೋಗಿತ್ತು.

ಹಾಗಂತ ಆಗಿನದೆಲ್ಲ ಬಂಗಾರ ಅಲ್ಲ. ಆ ಪುಟಗಳಲ್ಲಿ ರಾಣಿ, ರಾಣಿಯ ಸಖಿ, ಬಡ ಬ್ರಾಹ್ಮಣನ ಹೆಂಡತಿ ಮೂವರಿಗೂ ಒಂದೇ ಮುಖ. ಎಲ್ಲರೂ ಬೆಳ್ಳಗೆ, ಎಲ್ಲರ ಸೊಂಟವೂ ಸಣ್ಣ. ಬಾವಿಕಟ್ಟೆಯಲ್ಲಿ ಕೊಡ ಹಿಡಿದು ನಿಂತ ಒಬ್ಬಳನ್ನು ತೋರಿಸಿದಾಗ ಅಜ್ಜಂಪುರದ ಅಜ್ಜಿ ಕನ್ನಡಕ ಏರಿಸಿ ನೋಡಿ, "ಇವ್ಳು ನೀರ್ ಸೇದಿದೋಳಲ್ಲ ಕಣೋ" ಅಂದು ಪುಸ್ತಕ ವಾಪಸು ಕೊಟ್ಟಳು. ಚಿತ್ರಕಲೆಯ ಬಗ್ಗೆ ನಾನು ಕೇಳಿದ ಮೊದಲ ವಿಮರ್ಶೆ ಅದು. ಕಡೂರಿನ ತೆಂಗಿನ ತೋಟ, ಸಂತೆಯ ಈರುಳ್ಳಿ ಮೂಟೆ, ನಮ್ಮ ಬಸ್ ಸ್ಟ್ಯಾಂಡು ಯಾವುದಕ್ಕೂ ಆ ಪುಟಗಳ ಕನಸಿನೊಳಗೆ ಜಾಗ ಇರಲಿಲ್ಲ. ಕನಸು ಅಂದರೆ ಬೇರೆ ಊರಿನದು ಅಂತಲೇ ನಾವು ಬೆಳೆದೆವು.

ಕನಸಿನಂಥದ್ದು ನಿಜವಾಗಿ ಕಾಣಬೇಕಿದ್ದರೆ ಅಜ್ಜಿ ಮನೆಯಿಂದ ಸ್ವಲ್ಪ ನಡೆದರೆ ಸಾಕಿತ್ತು. ಅಮೃತ ಮಹಲ್ ದನಗಳ ತಳಿ ಕೇಂದ್ರ ಅಜ್ಜಂಪುರದಲ್ಲಿದೆ. ಮೈಸೂರು ಒಡೆಯರ 'ಬೆಣ್ಣೆ ಚಾವಡಿ'ಗೆ ಟಿಪ್ಪು ಕಾಲದಲ್ಲಿ ಬಂದ ಹೆಸರು ಅಮೃತ ಮಹಲ್. ಫಿರಂಗಿ ಎಳೆದ ತಳಿ. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದು ತುದಿಯಲ್ಲಿ ಸೂಜಿಯಾಗುವ ಉದ್ದ ಕೊಂಬು. ಕಾವಲಿನಲ್ಲಿ ಒಟ್ಟಿಗೆ ತಲೆಯೆತ್ತಿದರೆ ಎಲೆ ಉದುರಿದ ಕಾಡೊಂದು ನಮ್ಮ ಕಡೆ ತಿರುಗಿದಂತೆ. ಅದನ್ನು ಇದ್ದ ಹಾಗೇ ಬರೆದಿದ್ದರೂ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಿದ್ದರೇನೋ.

ಈಗ ಅಜ್ಜಂಪುರವೇ ತಾಲ್ಲೂಕು ಕೇಂದ್ರ. ಬೀರೂರಿನಲ್ಲಿ ಪುಸ್ತಕಕ್ಕೆಂದು ಯಾರೂ ಇಳಿಯುವುದಿಲ್ಲ. ಬೆಂಗಳೂರಿನಿಂದ ರಜೆಗೆ ಬರುವ ಮೊಮ್ಮಗಳು ತನ್ನ ಪುಸ್ತಕ ತಾನೇ ತರುತ್ತಾಳೆ. ಅದರಲ್ಲೊಂದು ಪ್ರಥಮ್ ಬುಕ್ಸ್‌ನದು, ರಾಜೀವ್ ಐಪ್ ಬರೆದದ್ದು. ಒಬ್ಬ ಅಜ್ಜಿ, ಒಬ್ಬ ಮೊಮ್ಮಗ, ಕೊಬ್ಬರಿ ಮಿಠಾಯಿ ಮಾಡುವುದಕ್ಕೆ ರಾಟೆ, ಸನ್ನೆಕೋಲು ಹೂಡುತ್ತಾರೆ. ಪ್ರಿಯಾ ಕುರಿಯನ್ ಅವರ ಇನ್ನೊಂದರಲ್ಲಿ ಮಾತೇ ಇಲ್ಲ. ಕನ್ನಡಕ ಕಳೆದುಕೊಂಡ ಅಜ್ಜಿಗೆ ಮನೆಯೆಲ್ಲ ಇನ್ನೇನೋ ಆಗಿ ಕಾಣುತ್ತದೆ, ಅಷ್ಟೇ ಕಥೆ. ಈ ಅಜ್ಜಿಯರಿಗೆ ತೋಳಿದೆ, ಹೊಟ್ಟೆಯಿದೆ. ಇವರು ನೀರು ಸೇದಿದವರು. ಚಿತ್ರ ಬರೆದವರ ಹೆಸರು ಮುಖಪುಟದ ಮೇಲೇ ಇದೆ. ಮೊಮ್ಮಗಳು ಪುಸ್ತಕ ಕೇಳುವುದೂ ಆ ಹೆಸರು ಹಿಡಿದೇ.

ನನಗೆ ಹೆಚ್ಚು ಹಿಡಿಸಿದ್ದು ಮಧ್ಯಪ್ರದೇಶದ ಗೊಂಡ ಕಲಾವಿದ ಭಜ್ಜು ಶ್ಯಾಮ್. ಹೋಟೆಲೊಂದರ ಗೋಡೆಗೆ ಚಿತ್ರ ಬರೆಯಲು ಲಂಡನ್ನಿಗೆ ಹೋಗಿ ಬಂದವರು ತಾವು ಕಂಡದ್ದನ್ನು ಬರೆದರು. ಚೆನ್ನೈನ ತಾರಾ ಬುಕ್ಸ್ 2004ರಲ್ಲಿ ಅದನ್ನು ಪುಸ್ತಕ ಮಾಡಿತು. ವಿಮಾನ ಹಾರುವ ಆನೆ. ಬಿಗ್ ಬೆನ್ ಗಡಿಯಾರ ಒಂದು ಹುಂಜ. ನೋಡಿ ನಕ್ಕೆ, ಆಮೇಲೆ ನಗು ನಿಂತಿತು. ಹಳ್ಳಿಯಲ್ಲಿ ಹೊತ್ತು ಹೇಳುವುದು ಹುಂಜ ತಾನೆ? ಅವರು ಕಲ್ಪಿಸಿಕೊಂಡಿಲ್ಲ, ಕಣ್ಣು ಬಿಟ್ಟೇ ನೋಡಿದ್ದಾರೆ. ಮೇಷ್ಟ್ರು ಹೇಳಿದ್ದೂ ಅದನ್ನೇ. ನೋಡಿದ ಮೇಲೆ ಏನು ಬರೆಯಬಹುದು ಎಂಬಲ್ಲಿ ಮಾತ್ರ ನಮಗೆ ಜಗಳ.

ಈಗಿನದೆಲ್ಲ ಬಂಗಾರ ಅಂತಲೂ ಅಲ್ಲ. 2025ರ ಮಾರ್ಚಿನಲ್ಲಿ ಜಪಾನಿನ ಘಿಬ್ಲಿ ಸ್ಟುಡಿಯೋದ ಶೈಲಿಗೆ ಫೋಟೊಗಳನ್ನು ತಿರುಗಿಸುವ ಹುಚ್ಚು ಎದ್ದಿತ್ತಲ್ಲ, ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಅದು ಬಂತು. ಗೃಹಪ್ರವೇಶದ ಹಳೇ ಫೋಟೊದಲ್ಲಿ ಎಲ್ಲರೂ ಬೆಳ್ಳಗಾದರು. ಚಿಕ್ಕಪ್ಪನ ಮುರಿದ ಹಲ್ಲು ಕೂಡಿಕೊಂಡಿತ್ತು. ಅಜ್ಜಿಯ ಮುಖದ ಒಂದು ಸುಕ್ಕೂ ಉಳಿದಿರಲಿಲ್ಲ. ಅಜ್ಜಿ ಇದ್ದಿದ್ದರೆ ಅದೇ ಮಾತು ಹೇಳುತ್ತಿದ್ದಳು. ಇನ್ನೊಂದೂ ಇದೆ. ನಾನು ಒಂದು ಚಿತ್ರವನ್ನು ತಿಂಗಳು ಪೂರ್ತಿ ನೋಡುತ್ತಿದ್ದೆ, ಮೊಮ್ಮಗಳು ಎರಡು ನಿಮಿಷ ನೋಡುತ್ತಾಳೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ. ನನಗೆ ನೋಡಲು ಬೇರೇನೂ ಇರಲಿಲ್ಲ.

ಹೋದ ರಜೆಯಲ್ಲಿ ಅವಳನ್ನು ತರೀಕೆರೆ ಏರಿಗೆ ಕರೆದುಕೊಂಡು ಹೋದೆ. ಕುರಿ ಇರಲಿಲ್ಲ, ಬೈಕುಗಳಿದ್ದವು. ಅಲ್ಲಿಂದ ಅಮೃತಾಪುರಕ್ಕೆ ಹೋದೆವು. ಹೊಯ್ಸಳ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ಗುಡಿ. ಒಳಗೆ ಚಾವಣಿಯ ಭುವನೇಶ್ವರಿಗಳಲ್ಲಿ ಶಿಲ್ಪಿ ಮಲ್ಲಿತಮ್ಮನ ಕೈ ಇದೆ. ಸೋಮನಾಥಪುರದಲ್ಲೂ ಸಿಗುವ ಹೆಸರದು. ಎಂಟುನೂರು ವರ್ಷದ ಹಿಂದೆ ಶಿಲ್ಪಿಗಳು ಕಲ್ಲಿನ ಮೇಲೆ ಸಹಿ ಹಾಕುತ್ತಿದ್ದರು. ಹೊರಗೆ 140 ಪಟ್ಟಿಕೆಗಳಲ್ಲಿ ಚಿತ್ರಕಥೆ. ಉತ್ತರಕ್ಕೆ ಕೃಷ್ಣನ ಕಥೆ 25, ಭಾರತ 45, ದಕ್ಷಿಣಕ್ಕೆ ರಾಮಾಯಣ 70. ಈ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತದೆ. ಚಿಕ್ಕಂದಿನಲ್ಲಿ ಪ್ರದಕ್ಷಿಣೆ ಹಾಕುತ್ತ ಕಥೆಯನ್ನು ಕೊನೆಯಿಂದ ಮೊದಲಿಗೆ ನೋಡಿ, ಕೆತ್ತಿದವನು ತಪ್ಪು ಮಾಡಿದ್ದಾನೆ ಎಂದುಕೊಂಡಿದ್ದೆ. ಮನಸ್ಸಿನಲ್ಲೇ ಕೆಂಪು ಗೆರೆ ಎಳೆದಿದ್ದೆ.

ಇದನ್ನು ಹೇಳಿದ ಮೇಲೆ ಮೊಮ್ಮಗಳು ಗುಡಿಯ ಹಿಂಬದಿಯಿಂದ ಶುರುಮಾಡಿ ಉಲ್ಟಾ ನಡೆಯತೊಡಗಿದಳು. ಅಲ್ಲಿದ್ದ ಹೆಂಗಸೊಬ್ಬರು, "ಪಾಪು, ದೇವಸ್ಥಾನ ಹಂಗ್ ಸುತ್ತಬಾರ್ದು" ಅಂದರು.

"ನಾನ್ ಸುತ್ತುತ್ತಿಲ್ಲ ಆಂಟಿ, ಓದ್ತಿದೀನಿ" ಅಂದಳು.

ಅವರು ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದು ಅವಳ ಹಿಂದೆ ಹೋದೆ.